ಮುಚ್ಚಳದ ಮೇಲಿನ ಬಣ್ಣಗಳು

ಕಣ್ಣಿನ ಪೊರೆ ತೆಗೆಸಿಕೊಳ್ಳಲು ದಿನ ಗೊತ್ತಾದಾಗ ನನಗೆ ಹತ್ತಿದ ಮೊದಲ ಚಿಂತೆ ಕಣ್ಣಿನದಲ್ಲ, ಸ್ಟೋರಿನದು. ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಬಿಡಿಭಾಗಗಳ ಕೋಣೆ ನೋಡಿಕೊಳ್ಳುವವನು ನಾನು. ಬೆಲ್ಟು, ಬೇರಿಂಗು, ಜಾಲರಿ, ನಟ್ಟು, ಬೋಲ್ಟು, ಯಾವುದು ಯಾವ ಮೂಲೆಯಲ್ಲಿದೆ ಎಂಬುದೆಲ್ಲ ಇಷ್ಟು ವರ್ಷ ನನ್ನ ತಲೆಯಲ್ಲೇ ಇತ್ತು. ಬೇಕಾದವರು ಬಾಗಿಲಲ್ಲಿ ನಿಂತು, "ಸಾರ್, ಅದು ಎಲ್ಲೈತ್ರಿ?" ಎಂದು ಕೇಳಬೇಕು. ಎಲ್ಲಿದೆ ಎಂದು ನಾನು ಹೇಳುತ್ತಿರಲಿಲ್ಲ. "ನಿಂದ್ರು, ನಾನ ಕೊಡ್ತೀನಿ" ಎಂದು ಎದ್ದು ಹೋಗುತ್ತಿದ್ದೆ. ಮದುವೆ ಗಿದುವೆ ಆಗದೆ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವ ಮನುಷ್ಯನಿಗೆ ದಿನಾ ಯಾರಾದರೂ ಬಂದು ಏನಾದರೂ ಕೇಳುವುದೆಂದರೆ ಸಣ್ಣ ಮಾತಲ್ಲ. ಎಷ್ಟೋ ಭಾನುವಾರ ನನ್ನ ಬಾಯಿಂದ ಹೊರಟ ಮಾತೆಂದರೆ ಹೋಟೆಲಿನಲ್ಲಿ ಹೇಳಿದ "ಒಂದು ಒಗ್ಗರಣಿ, ಎರಡು ಮಿರ್ಚಿ" ಅಷ್ಟೇ.

ಹೀಗಾಗಿ ಚಿಂತೆ ಎರಡು ಕವಲಾಗಿತ್ತು. ನಾನಿಲ್ಲದೆ ಮಿಲ್ಲು ನಿಂತುಬಿಟ್ಟರೆ ಎಂಬುದು ಒಂದು. ನಿಲ್ಲದೆ ನಡೆದುಬಿಟ್ಟರೆ ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಎರಡನೆಯದನ್ನು ಯಾರಿಗೆ ಹೇಳುವುದು?

ಮಾಲೀಕರು ಕರೆದು ಹೇಳಿದರು: "ಹೊಸ ಭತ್ತ ಬರೋ ಟೈಮಿಗೆ ಹೊಂಟೀರಿ. ಎಲ್ಲದಕ್ಕೂ ಒಂದು ಗುರುತು ಮಾಡಿಟ್ಟು ಹೋಗ್ರಿ. ನೀವಿಲ್ಲ ಅಂದ್ರೂ ಕೆಲ್ಸ ನಡೀಬೇಕು."

ಅವರು ಹೇಳಿದ್ದು ರಜೆಯ ಮಾತು. ನನಗೆ ಕೇಳಿಸಿದ್ದು ತಿಥಿಯ ಮಾತು.

ಗುರುತು ಮಾಡಲು ಕೂತೆ. ಮೊದಲಿಗೆ ಬೇರಿಂಗಿನ ಡಬ್ಬಿಗೆ ದಪ್ಪ ಕಾಗದದ ಚೀಟಿ ಅಂಟಿಸಿದೆ. ಅದರ ಮೇಲೆ ನನ್ನ ಮುದ್ದಾದ ಅಕ್ಷರದಲ್ಲಿ ಹೀಗೆ ಬರೆದಿದ್ದೆ: "ಬೇರಿಂಗ್, ದೊಡ್ಡದು. ತೆಗೆದ ಮೇಲೆ ಮುಚ್ಚಳ ಹಾಕಿರಿ. ಒದ್ದೆ ಕೈಯಲ್ಲಿ ಮುಟ್ಟಬೇಡಿರಿ. ಇದೇ ಕೊನೆಯದಾಗಿದ್ದರೆ ತಿಳಿಸಿರಿ. ಇಲಿ ಕಂಡರೂ ತಿಳಿಸಿರಿ."

ನಮ್ಮ ಫಿಟ್ಟರ್ ತೆಕ್ಕಲಕೋಟೆಯವನು. ಯಂತ್ರ ಕೆಟ್ಟರೆ ರಿಪೇರಿ ಮಾಡುವವನು ಅವನೇ, ಸ್ಟೋರಿಗೆ ಹೆಚ್ಚು ಬರುವವನೂ ಅವನೇ. ಚೀಟಿಯ ಮುಂದೆ ನಿಂತು ತುಟಿ ಅಲ್ಲಾಡಿಸುತ್ತ ಓದಿದ. "ಸಾರ್, ಇದು ಚೀಟಿನೋ, ಬೀಗರಿಗೆ ಬರೆದ ಪತ್ರನೋ? ಓದಿ ಮುಗಿಸೋದ್ರಾಗ ಗೋದಾಮಿನ್ಯಾಗ ಭತ್ತ ಮೊಳಕಿ ಒಡಿತೈತಿ."

ನಕ್ಕೆ. ಆದರೆ ಅವನು ಹೇಳಿದ್ದು ಸುಳ್ಳಲ್ಲ. ಒಬ್ಬನೇ ಇರುವವನಿಗೆ ಒಂದು ಚೀಟಿ ಸಿಕ್ಕರೂ ಸಾಕು, ಇದ್ದಬದ್ದ ಮಾತೆಲ್ಲ ಅದರಲ್ಲೇ ಸುರಿದುಬಿಡುತ್ತಾನೆ.

ಅದೂ ಅಲ್ಲದೆ ನಮ್ಮಲ್ಲಿ ಕೆಲವರಿಗೆ ತೆಲುಗು ಮಾತ್ರ ಓದಲು ಬರುತ್ತದೆ, ಕೆಲವರಿಗೆ ಯಾವುದೂ ಬರುವುದಿಲ್ಲ. ಸಾಲದ್ದಕ್ಕೆ ತೌಡಿನ ಪುಡಿ. ಬೆಳಿಗ್ಗೆ ಬರೆದ ಅಕ್ಷರ ಸಂಜೆಗೆ ಮಂಜಿನೊಳಗೆ ಹೋದಂತೆ ಮಾಯ. ಆಗ ಹೊಳೆದದ್ದು ಬಣ್ಣ. ಒಂದೊಂದು ಯಂತ್ರಕ್ಕೆ ಒಂದೊಂದು ಬಣ್ಣ: ಹೊಟ್ಟು ಬಿಡಿಸುವುದಕ್ಕೆ ನೀಲಿ, ಪಾಲಿಶಿಗೆ ಕಪ್ಪು, ಭತ್ತ ಮೇಲೆತ್ತುವ ಎಲಿವೇಟರಿಗೆ ಬಿಳಿ, ಮೋಟಾರಿಗೆ ಹಳದಿ. ಯಂತ್ರದ ಮೇಲೊಂದು ಪಟ್ಟಿ, ಅದರ ಸಾಮಾನಿನ ಡಬ್ಬಿಗಳ ಮುಚ್ಚಳದ ಮೇಲೆ ಅದೇ ಬಣ್ಣದ ಪಟ್ಟಿ. ಮುಚ್ಚಳಗಳೂ ನನ್ನ ಚಿಂತೆಯ ಫಲವೇ. ತೌಡು ಕೂರಬಾರದು, ಇಲಿ ಹೋಗಬಾರದು ಎಂದು ಹಠ ಹಿಡಿದು ಮುಚ್ಚಳವಿರುವ ಡಬ್ಬಿಗಳನ್ನೇ ತರಿಸಿದ್ದೆ.

ಬಳ್ಳಾರಿಗೆ ಹೋಗಿ ಬೆಂಗಳೂರು ರಸ್ತೆಯ ಅಂಗಡಿಯಿಂದ ಬಣ್ಣದ ಸ್ಟಿಕ್ಕರ್ ಹಾಳೆ ತಂದೆ. ಭಾನುವಾರ ಕೋಣೆಯಲ್ಲಿ ಮಂಚದ ಮೇಲೆ ಹರಡಿಕೊಂಡು ಕತ್ತರಿಸಿದೆ. ಬಹಳ ಖುಷಿಯ ಭಾನುವಾರ ಅದು. ನಡುವೆ ಕರೆಂಟು ಬಂದು ಫ್ಯಾನು ತಿರುಗಿ ಪಟ್ಟಿಗಳೆಲ್ಲ ಹಾರಾಡಿದವು. ಒಂದೊಂದೇ ಆರಿಸಿ, ಬಣ್ಣ ನೋಡಿ ಬೇರೆ ಬೇರೆ ಕಟ್ಟು ಕಟ್ಟಿದೆ. ಕಣ್ಣಿನ ಆಪರೇಷನ್ನಿಗೆ ಹೊರಟವನು ಬಣ್ಣ ಆರಿಸಲು ಕೂತಿದ್ದಾನಲ್ಲ ಎಂದು ಲೋಕದ ಎಲ್ಲದರ ಬಗ್ಗೆ ಚಿಂತಿಸುವ ನನಗೆ ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ.

ಎಲ್ಲ ಅಂಟಿಸಿ ಆದಮೇಲೆ ಎಲ್ಲರನ್ನೂ ಕರೆದು ವಿವರಿಸಿದೆ. ಫಿಟ್ಟರ್ ಒಂದು ಮುಚ್ಚಳ ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದ.

"ಇದು ನೀಲಿ ಏನ್ರಿ ಸಾರ್?"

"ಯಾಕಲೇ, ನಿಂಗ ಕಣ್ಣು ಕಾಣಂಗಿಲ್ಲೇನು?"

ಅವನು ಮುಚ್ಚಳ ನೋಡಿದ, ನನ್ನನ್ನು ನೋಡಿದ. "ನೀಲಿನ ಬಿಡ್ರಿ" ಎಂದು ಇಟ್ಟುಬಿಟ್ಟ.

ಬಳ್ಳಾರಿಯಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಕುರುಗೋಡಿನಿಂದ ಅಕ್ಕ ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು. ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಮಿಲ್ಲಿನ ಧೂಳಿನ ಕಡೆ ತಲೆ ಹಾಕಿಯೂ ಮಲಗಬಾರದು. ಮನೆಯವರೆಲ್ಲ ಬಾದನಹಟ್ಟಿ ಕಡೆಯ ಹೊಲಕ್ಕೆ ಹೋದರೆ ಪಡಸಾಲೆಯಲ್ಲಿ ಉಳಿಯುವುದು ನಾನು, ಕಪ್ಪು ಕನ್ನಡಕ ಮತ್ತು ಫೋನು.

ಫೋನು ಬರುತ್ತದೆ ಎಂದು ಕಾದೆ. ಬೆಲ್ಟು ಹರಿದೇ ಹರಿಯುತ್ತದೆ, ಯಾರಾದರೂ ಕೇಳಿಯೇ ಕೇಳುತ್ತಾರೆ. ಸಾಲ ಬೇಕೇ ಎಂದು ಕೇಳಿದ ಯಾವುದೋ ಹೆಂಗಸಿನ ರೆಕಾರ್ಡು ದನಿಯೊಂದೇ ಬಂತು. ಅದನ್ನೂ ಕೊನೆಯವರೆಗೆ ಕೇಳಿದೆ.

ಹೊಲದಿಂದ ಬಂದ ಅಕ್ಕ, ಫೋನು ಹಿಡಿದು ಕೂತ ನನ್ನನ್ನು ನೋಡಿ ಅಂದಳು: "ಅದೇನು ಮರಿ ಮಾಡ್ತೈತೇನಲೇ ತಮ್ಮಾ? ಕೋಳಿ ಕಾವಿಗೆ ಕುಂತಂಗ ಕುಂತೀಯಲ್ಲ!"

"ಮಿಲ್ಲಿನಿಂದ ಏನರ ಕೇಳ್ತಾರಕ್ಕಾ. ನಾನಿಲ್ಲ ಅಂದ್ರ ಅವ್ರಿಗೆ ಏನೂ ಸಿಗಂಗಿಲ್ಲ."

"ಕೇಳಿಲ್ಲ ಅಂದ್ರ ಸಿಕ್ಕೈತಿ ಅಂತ ಅರ್ಥ. ರೊಟ್ಟಿ ತಿನ್ನು."

ಇದ್ದರೂ ಇರಬಹುದು. ನನ್ನ ಬಣ್ಣಗಳು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿವೆ ಎಂದುಕೊಂಡು ಎದೆ ಉಬ್ಬಿಸಿದೆ. ಉಬ್ಬಿದ ಎದೆಯೊಳಗೆ ಏನೂ ಇರಲಿಲ್ಲ. ನನ್ನನ್ನು ಯಾರೂ ಕೇಳಬೇಕಾಗದ ಹಾಗೆ ನಾನೇ ಕತ್ತರಿಸಿ, ನಾನೇ ಅಂಟಿಸಿ ಬಂದಿದ್ದೆ.

ಬೇಸರಕ್ಕೆ ಒಂದು ಆಟ ಹುಡುಕಿಕೊಂಡೆ. ಹೊಸ ಕಣ್ಣು ಮುಚ್ಚಿ ಹಳೆಯದರಿಂದ ನೋಡಿದರೆ ಅಕ್ಕನ ಮನೆಯ ಗೋಡೆ ಚಹಾದಲ್ಲಿ ಅದ್ದಿದಂತೆ. ಹಳೆಯದನ್ನು ಮುಚ್ಚಿ ಹೊಸದರಿಂದ ನೋಡಿದರೆ ಆಗತಾನೆ ಸುಣ್ಣ ಹೊಡೆದಂತೆ. ಹೀಗೆ ಮನೆಯ ಸಾಮಾನೆಲ್ಲ ನೋಡುತ್ತಿರುವಾಗ, ಇಷ್ಟು ದಿನ ಕಪ್ಪೆಂದು ತಿಳಿದು ಹಾಕುತ್ತಿದ್ದ ನನ್ನ ಪ್ಯಾಂಟು ನೀಲಿ ಎಂದು ಗೊತ್ತಾಯಿತು.  ಚೀಲ ತಡಕಾಡಿ ಉಳಿದಿದ್ದ ಪಟ್ಟಿಗಳ ಕಟ್ಟು ತೆಗೆದೆ. ನೀಲಿ ಎಂದು ಕಟ್ಟಿದ್ದರಲ್ಲಿ ಅರ್ಧ ಕಪ್ಪು. ಬಿಳಿಯ ಕಟ್ಟಿನ ತುಂಬ ಹಳದಿ.

ಅಂದರೆ ಸ್ಟೋರಿನಲ್ಲಿರುವುದೂ ಹೀಗೇ. ಮೋಟಾರಿನ ಸಾಮಾನು ಹುಡುಕಿದವನಿಗೆ ಎಲಿವೇಟರಿನ ಬೋಲ್ಟು ಸಿಕ್ಕಿರಬೇಕು, ಮಿಲ್ಲು ನಿಂತಿರಬೇಕು, ಮಾಲೀಕರು ಕೂಗಾಡಿರಬೇಕು. ಆದರೆ ಫೋನು ಯಾಕಿಲ್ಲ? ನಾನೇ ಫಿಟ್ಟರಿಗೆ ಮಾಡಿದೆ. ಹಿಂದೆ ಯಂತ್ರಗಳ ಸದ್ದು ಜೋರಾಗಿತ್ತು. ಮಿಲ್ಲು ನಡೆಯುತ್ತಿತ್ತು.

"ಎಲ್ಲಾ ಸಿಗ್ತಾವ್ರಿ ಸಾರ್. ನೀವು ಕಣ್ಣು ನೋಡ್ಕೋರಿ" ಎಂದು ಫೋನು ಇಟ್ಟ.

ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಬಸ್ಸು ಹತ್ತಿದೆ. ಅಕ್ಕ ಬೈದು, ಬೈಯುತ್ತಲೇ ರೊಟ್ಟಿ ಕಟ್ಟಿಕೊಟ್ಟಳು. ದಾರಿಯುದ್ದಕ್ಕೂ ಮಾಗಿದ ಭತ್ತದ ಗದ್ದೆ ಹೊಸ ಕಣ್ಣಿಗೆ ಎಷ್ಟು ಹೊಂಬಣ್ಣವಾಗಿ ಕಂಡಿತೆಂದರೆ, ಪಕ್ಕದ ಸೀಟಿನವರಿಗೆ ಹೇಳಬೇಕೆನಿಸಿತು. ಅವರು ನಿದ್ದೆ ಹೋಗಿದ್ದರು.

ಸ್ಟೋರಿನ ಬಾಗಿಲು ತೆರೆದಿತ್ತು. ಒಳಗೆ ಒಂದು ಡಬ್ಬಿಗೂ ಮುಚ್ಚಳವಿರಲಿಲ್ಲ. ಎಲ್ಲವೂ ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು. ಒಳಗಿರುವುದು ಬಾಗಿಲಿಂದಲೇ ಕಾಣುತ್ತಿತ್ತು. ಹೊರಗೆ ನುಚ್ಚು ಕೇರುವ ಹೆಂಗಸು ನನ್ನ ಮುಚ್ಚಳವೊಂದನ್ನು ಅಂಗಾತ ಇಟ್ಟುಕೊಂಡು ಅದರಲ್ಲಿ ಮಂಡಕ್ಕಿ ತಿನ್ನುತ್ತಿದ್ದಳು. "ಬಂದ್ರೇನ್ರಿ ಸಾರ್? ತಗೋರಿ" ಎಂದು ಮುಚ್ಚಳವನ್ನೇ ಮುಂದೆ ಹಿಡಿದಳು.

ಫಿಟ್ಟರ್ ಕೈ ಒರೆಸಿಕೊಳ್ಳುತ್ತ ಬಂದ.

"ಮುಚ್ಚಳ ಯಾಕಲೇ ತೆಗದೀರಿ? ತೌಡು ಕುಂದ್ರಂಗಿಲ್ಲೇನು?"

"ಕುಂದ್ರತೈತ್ರಿ. ಊದಿದ್ರ ಹೋಗತೈತಿ."

"ಬಣ್ಣ..."

"ನೀಲಿದ್ರಾಗ ಕರೀದು, ಕರೀದ್ರಾಗ ನೀಲಿ ಇತ್ತಲ್ರಿ. ನೀವು ಹೋದ ದಿನಾನ ತೆಗದು ಇಟ್ವಿ. ಒಳಗ ಏನೈತಿ ಅಂತ ಕಂಡ್ರ ಸಾಕಲ್ರಿ ನಮಗ."

"ಮತ್ತ ಅವತ್ತು ನೀಲಿನ ಅಂದೆಲ್ಲೋ!"

ಅವನು ತಲೆ ಕೆರೆದುಕೊಂಡ. "ಕರೀದು ಅಂದಿದ್ರ ನೀವು ಎಲ್ಲಾ ಕಿತ್ತು ಮತ್ತ ಅಂಟಸ್ಕೋಂತ ಕುಂದ್ರತಿದ್ರಿ. ಹೋದ ವರ್ಷ ಬೆಲ್ಟು ಎಣಿಸೋದೈತಿ ಅಂತ ಆಪರೇಷನ್ ಮುಂದಕ ಹಾಕಿದ್ರಿ. ಈ ಸಲನೂ ಹಾಕ್ತಿದ್ರಿ."

"ಒಂದು ಫೋನರ ಮಾಡಬೇಕಿತ್ತಪಾ."

"ಮಾಡಬಾರದು ಅಂತ ಎಲ್ಲಾರೂ ಮಾತಾಡ್ಕೊಂಡಿದ್ವಿ ಸಾರ್. ಮಾಡಿದ್ರ ಕಣ್ಣಿನ ಪಟ್ಟಿ ಸಮೇತ ಓಡಿ ಬರ್ತಿದ್ರಿ."

ಅವನು ಯಂತ್ರದ ಹತ್ತಿರ ಹೋದ. ನಾನು ನನ್ನ ಕುರ್ಚಿಯಲ್ಲಿ ಕೂತೆ. ಇವರೆಲ್ಲ ಸೇರಿ ನನ್ನ ಕಣ್ಣಿನ ಬಗ್ಗೆ ಮಾತಾಡಿಕೊಂಡಿದ್ದರು, ನನ್ನ ಸ್ವಭಾವದ ಬಗ್ಗೆ ಮಾತಾಡಿಕೊಂಡಿದ್ದರು. ಇಷ್ಟು ಪ್ರೀತಿಯ ಮಾತು ನನ್ನ ಬಗ್ಗೆ ಎಂದಾದರೂ ನಡೆದಿತ್ತೋ ಇಲ್ಲವೋ. ಆ ಮಾತಿನಲ್ಲೂ ಇಲ್ಲದವನು ನಾನೊಬ್ಬನೇ.

ಫಿಟ್ಟರನ ಸಹಾಯಕ ಬಂದ, ನನಗೆ ನಮಸ್ಕಾರ ಹೇಳಿದ, ಡಬ್ಬಿಯಿಂದ ಬೋಲ್ಟು ತೆಗೆದುಕೊಂಡ, ಹೋದ. ಏನನ್ನೂ ಕೇಳಲಿಲ್ಲ.

ಮುಚ್ಚಳಗಳು ಮೂಲೆಯಲ್ಲಿ ಒಂದರ ಮೇಲೊಂದು ಇದ್ದವು. ಪಟ್ಟಿಗಳನ್ನಾದರೂ ಕೆರೆದು ತೆಗೆಯೋಣ ಎಂದು ಮೇಜಿನ ಖಾನೆ ಎಳೆದೆ. ಅಲ್ಲೇ ಇರುತ್ತಿದ್ದ ಸಣ್ಣ ಚಾಕು ಇರಲಿಲ್ಲ. ಕೆಳಗಿನ ಖಾನೆ ನೋಡಲು ಬಗ್ಗುವಂತಿಲ್ಲ. ಸಾಮಾನುಗಳನ್ನೆಲ್ಲ ತಮಗೆ ಬೇಕಾದ ಹಾಗೆ ಜರುಗಿಸಿಕೊಂಡಿದ್ದರು. ಎದ್ದು ಬಾಗಿಲಿಗೆ ಹೋದೆ. ಅವರೆಲ್ಲ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಯಂತ್ರಗಳ ಸದ್ದಿನ ಮೇಲೆ ದನಿ ಎತ್ತಿ ಕೇಳಿದೆ:

"ಆ ಸಣ್ಣ ಚಾಕು ಎಲ್ಲೈತಪಾ?"

ಫಿಟ್ಟರ್ ಬೆಲ್ಟಿನಿಂದ ಕೈ ತೆಗೆಯಲಿಲ್ಲ. "ನಿಂದ್ರಿ ಸಾರ್, ನಾನ ಬಂದು ಕೊಡ್ತೀನಿ."

ಎಲ್ಲಿದೆ ಎಂದು ಹೇಳಲಿಲ್ಲ. ನಾನು ಬಾಗಿಲಲ್ಲಿ ನಿಂತುಕೊಂಡೆ.