ಮಾವನವರ ಪಂಚೆಗೆ ಹತ್ತಿದ ಹಳದಿ

ಇವತ್ತು ಬೆಳಿಗ್ಗೆ ಪೆಟ್ಟಿಗೆ ತೆರೆದು ಒಂದು ಬಿಳಿ ಪಂಚೆ ಹೊರತೆಗೆದೆ. ಬಿಸಿಲಿನ ವಾಸನೆ ಬಂತು. ಬಿಸಿಲಿಗೆಂಥ ವಾಸನೆ ಎಂದು ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನೀವು ಬಳ್ಳಾರಿಯಲ್ಲಿ ಬಾಳಿದವರಲ್ಲ, ಅಷ್ಟೆ. ಇಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಆ ಬಿಸಿಲಲ್ಲಿ ಚೆನ್ನಾಗಿ ಒಣಗಿದ ಬಟ್ಟೆಗೆ ಹುರಿಗಡಲೆ ಚೀಲ ಬಿಚ್ಚಿದಂಥ ಒಂದು ಘಮ ಇರುತ್ತದೆ. ಪಂಚೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಮಡಿಕೆಯ ಅಂಚಿನಲ್ಲೂ ಹಳದಿಯ ಸುಳಿವಿಲ್ಲ. ಈ ವಯಸ್ಸಿನಲ್ಲಿ ಹೆಮ್ಮೆ ಪಡಬಾರದು ಅನ್ನುತ್ತಾರೆ. ನಾನು ಪಡುತ್ತೇನೆ.

ನಮ್ಮ ಬೀದಿಯಲ್ಲಿ ಬಿಳಿ ಬಟ್ಟೆ ಎಂದರೆ ನಮ್ಮ ಮನೆಯದು ಎಂದು ಹೆಸರು. ಆ ಹೆಸರು ಒಮ್ಮೆ ನನ್ನಿಂದಲೇ ಹೋಗುವುದರಲ್ಲಿತ್ತು. ಅದಕ್ಕೆ ದಂಡ ತೆರುವವಳು ಮಾತ್ರ ಬೇರೊಬ್ಬಳಾಗಿದ್ದಳು.

ನಾನು ಸಿರುಗುಪ್ಪದಿಂದ ಈ ಮನೆಗೆ ಸೊಸೆಯಾಗಿ ಬಂದದ್ದು ಬ್ರಿಟಿಷ್ ರಾಣಿಯ ಆಳ್ವಿಕೆಯ ಕಾಲದಲ್ಲಿ. ಕಂಟೋನ್ಮೆಂಟಿನಲ್ಲಿ ಸಿಪಾಯಿಗಳ ತುತ್ತೂರಿ ಊದುವ ಹೊತ್ತಿಗೆ ನಮ್ಮ ಅತ್ತೆಯ ಸ್ನಾನ ಮುಗಿದಿರುತ್ತಿತ್ತು. ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅವರು ಆಗಲೇ ತೀರಿಕೊಂಡಿದ್ದರು. ಇವರು ಮಾವನವರ ಅಕ್ಕ. ಮನೆಯ ಯಜಮಾನಿಕೆ ಇವರದೇ. ಮಹಾ ಮಡಿ. ಅಗಸರು ಒಗೆದು ತಂದ ಬಟ್ಟೆ ಮಡಿಗೆ ಬಾರದೆಂದು ಕಿರುಬೆರಳಿನಿಂದಲೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಅದನ್ನು ಮಡಚಿ ಪೆಟ್ಟಿಗೆಯಲ್ಲಿಡುವ ಕೆಲಸ ನನ್ನ ಪಾಲಿಗೆ ಬಂತು. ತುಂಗಭದ್ರೆಯ ನೀರಲ್ಲಿ ಆಡಿ ಬೆಳೆದವಳು ನಾನು, ಬಟ್ಟೆಯ ವಿಷಯ ನನಗೆ ಯಾರು ಕಲಿಸಬೇಕು ಎಂಬ ಜಂಬ ಬೇರೆ. ಮಡಿಕೆ ನೆಟ್ಟಗೆ ಕೂರಲಿ ಎಂದು ಅಂಗೈಯಿಂದ ಒತ್ತಿ ಒತ್ತಿ ಮಡಚುತ್ತಿದ್ದೆ.

ಮಾವನವರು ಕಚೇರಿಯಲ್ಲಿ ಗುಮಾಸ್ತರು. ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ರುಮಾಲು. ಒಂದು ಹೊತ್ತಿನ ಊಟ ಬಿಟ್ಟಾರು, ಬಿಳುಪು ಬಿಡುವವರಲ್ಲ. ಆ ಬಿಳುಪನ್ನು ಕಾಯುತ್ತಿದ್ದವಳು ನಮ್ಮ ಅಗಸಗಿತ್ತಿ ಹನುಮವ್ವ. ಅವಳ ತವರು ಕುರುಗೋಡು. ನಮ್ಮ ಬೀದಿಯ ಮನೆಗಳೆಲ್ಲ ಅವಳ ಅತ್ತೆಯ ಕಾಲದಿಂದ ಅವಳ ಪಾಲಿನವು. ತವರಿನ ಹೊಲಗಳಿಂದ ಕತ್ತೆಯ ಮೇಲೆ ಸವಳು ಮಣ್ಣು ತರಿಸುತ್ತಿದ್ದಳು. ಬೇಸಿಗೆಯಲ್ಲಿ ನೆಲದ ಮೇಲೆ ಉಪ್ಪಿನ ಹಾಗೆ ಬೆಳ್ಳಗೆ ಏಳುತ್ತದಲ್ಲ, ಅದೇ ಮಣ್ಣು. ಅದನ್ನು ಕಲಸಿದ ನೀರಲ್ಲಿ ಬಟ್ಟೆ ಅದ್ದಿ, ಹಬೆಯಲ್ಲಿ ಬೇಯಿಸಿ, ಕಲ್ಲಿಗೆ ಬಡಿದರೆ ಕೊಳೆಯ ಮುತ್ತಜ್ಜನೂ ನಿಲ್ಲುತ್ತಿರಲಿಲ್ಲ. ಅವಳ ಕತ್ತೆಗೆ ಮಾತ್ರ ನಮ್ಮ ತುಳಸಿಯ ಮೇಲೆ ಕಣ್ಣು. ಅದರ ಭಕ್ತಿಯ ಬಗ್ಗೆ ಅತ್ತೆಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ.

ನಾನು ಬಂದ ಸ್ವಲ್ಪ ದಿನಕ್ಕೆ ಪೆಟ್ಟಿಗೆಯಿಂದ ತೆಗೆದ ಪಂಚೆಗಳಲ್ಲಿ ಹಳದಿ ಕಾಣಿಸತೊಡಗಿತು. ಹನುಮವ್ವ ಒಗೆದು ತಂದಾಗ ಮಲ್ಲಿಗೆಯಂಥ ಬಿಳುಪು. ಪೆಟ್ಟಿಗೆ ಸೇರಿ ವಾರವಾದರೆ ಅಲ್ಲಲ್ಲಿ ಮಸುಕು ಹಳದಿ. ಅತ್ತೆ ಬಾಗಿಲಲ್ಲೇ ನಿಂತು ಬೈಯುತ್ತಿದ್ದರು. “ಒಗೀತೀಯೋ, ಬರೇ ನೀರು ತೋರಿಸಿ ತರ್ತೀಯೋ? ನೀಲಿ ಜಾಸ್ತಿ ಹಾಕು.” ಹನುಮವ್ವ ತಲೆ ತಗ್ಗಿಸಿ ನೀಲಿ ಹಾಕಿದಳು. ಹಳದಿಯೂ ನೀಲಿಯೂ ಕೂಡಿದರೆ ಏನಾಗುತ್ತದೆಂದು ನಿಮಗೆ ಗೊತ್ತಲ್ಲ? ಮಾವನವರು ಪಾಚಿ ಹಿಡಿದ ಪಂಚೆ ಉಟ್ಟು ಕಚೇರಿಗೆ ಹೋಗುವಂತಾಯಿತು.

ಒಂದು ಸಂಜೆ ಅವರು ಮುಖ ಗಂಟಿಕ್ಕಿಕೊಂಡು ಬಂದರು. ಜೊತೆಯ ಗುಮಾಸ್ತನೊಬ್ಬ ಎಲ್ಲರೆದುರು, “ಯಾಕ್ರಿ ರಾಯರ, ಹುಳಿ ಎಲಿ ದಾಟಿ ಪಂಚಿಗೆ ಬಂತೇನ್ರಿ?” ಅಂದನಂತೆ. ಅಲ್ಲಿಗೆ ತೀರ್ಮಾನವಾಯಿತು. ಕಂಟೋನ್ಮೆಂಟಿನಲ್ಲಿ ದೊರೆಗಳ ಬಟ್ಟೆ ಒಗೆಯುವವನೊಬ್ಬ ವಿಲಾಯತಿ ಸಾಬೂನು ಹಾಕುತ್ತಾನಂತೆ, ಇನ್ನು ಅವನೇ ಬರಲಿ ಎಂದರು. ಬೀದಿಗೆಲ್ಲ ನಮ್ಮದೇ ಹಿರಿಯ ಮನೆ. ನಾವು ಬಿಟ್ಟರೆ ಉಳಿದವರೂ ಬಿಡುತ್ತಾರೆ. ಹನುಮವ್ವನಿಗೆ ಹೋಗುವುದು ಒಂದು ಮನೆಯಲ್ಲ, ಇಡೀ ಬೀದಿ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮರುದಿನ ಶುಕ್ರವಾರ. ಅವಳು ಬಂದಾಗ ಹೇಳಿಬಿಡುವುದೆಂದು ಮಾತು. ನನಗೆ ಅಯ್ಯೋ ಅನ್ನಿಸಿತು. ಜೊತೆಗೆ ನನ್ನ ಜಾಣತನ ತೋರಿಸುವ ಚಪಲ. ಹಿತ್ತಲಲ್ಲಿ ಅವಳೇ ಇಟ್ಟುಹೋಗಿದ್ದ ಸವಳು ಮಣ್ಣಿನ ಗಂಟಿತ್ತು. ಬೆಳಿಗ್ಗೆ ಅವಳು ಬರುವ ಮೊದಲೇ ಒಂದು ಚಿಪ್ಪಿನಷ್ಟನ್ನು ಕಡ್ಡಿಯಲ್ಲಿ ಕಲಸಿ ಪಂಚೆಯ ಹಳದಿಯ ಮೇಲೆ ಸುರಿದೆ. ಹಳದಿ ಹೋಗಲಿಲ್ಲ, ಕೆಂಪಾಯಿತು. ನೋಡನೋಡುತ್ತ ನಾಲ್ಕು ಬೆರಳು, ಒಂದು ಅಂಗೈ, ರಕ್ತದಲ್ಲಿ ಅದ್ದಿ ಒತ್ತಿದಂತೆ ಮೂಡಿತು. ನಾನು ಚೀರಿ ಹಿಂದೆ ಸರಿದೆ.

“ಅಂಜಬ್ಯಾಡ್ರಿ ಅವ್ವಾರ,” ಎಂದು ದನಿ ಕೇಳಿತು. ಹನುಮವ್ವ ಹಿತ್ತಲ ಬಾಗಿಲಲ್ಲಿದ್ದಳು. “ಕೈ ಚಾಚ್ರಿ.”

ಚಾಚಿದೆ. ಆಗಷ್ಟೇ ಶುಕ್ರವಾರದ ಅರಿಶಿಣ ಹಚ್ಚಿಕೊಂಡಿದ್ದ ಕೈ. ಅವಳು ಮೇಲಿನಿಂದ ನಾಲ್ಕು ಹನಿ ಸವಳು ನೀರು ಬಿಟ್ಟಳು. ನನ್ನ ಅಂಗೈ ಪಂಚೆಯ ಕಲೆಯಷ್ಟೇ ಕೆಂಪಾಯಿತು.

ಹೊಸ ಮುತ್ತೈದೆಯ ಸಂಭ್ರಮದಲ್ಲಿ ದಿನವೂ ಅರಿಶಿಣ ಬಳಿದುಕೊಂಡು, ಬೆವರುವ ಕೈಯಲ್ಲಿ ಮಾವನವರ ಪಂಚೆ ಒತ್ತಿದವಳು ನಾನೇ. ನಾಚಿಕೆಯಿಂದ ಕುಗ್ಗಿಹೋದೆ.

“ನಿನಗ ಮೊದಲೇ ಗೊತ್ತಿತ್ತೇನು?”

“ಮೊದಲ್ನೇ ಸಲ ಸವಳಿಗೆ ಹಾಕಿದಾಗ್ಲೇ ಗೊತ್ತಾತ್ರಿ.”

“ಮತ್ತ ಯಾಕ ಹೇಳಲಿಲ್ಲ? ಐದು ತಿಂಗಳು ಬೈಸಿಕೊಂಡಿಯಲ್ಲ!”

“ನೀವು ಹೊಸದಾಗಿ ಬಂದೋರು. ಸೊಸಿ ಮ್ಯಾಲೆ ಒಂದು ಮಾತು ಬಂತಂದ್ರ ಎಷ್ಟು ಒಗೆದ್ರೂ ಹೋಗಂಗಿಲ್ರಿ. ನಮ್ಮನ್ನ ಬೈದ್ರ ಏನಾತು, ಕತ್ತೆ ಹೊಡ್ಕೊಂಡು ಹೋಕ್ಕೀವಿ.” ಹಾಗೆಂದು ನಕ್ಕಳು. “ಈಗ ಒಂದು ನಿಂಬಿಹಣ್ಣು ತರ್ರಿ.”

ನಿಂಬೆಯ ರಸ ಬಿದ್ದದ್ದೇ ಕೆಂಪು ತಿರುಗಿ ಹಳದಿಯಾಯಿತು. ಆಮೇಲೆ ಬರೀ ನೀರಲ್ಲಿ ಜಾಲಿಸಿ, ಹಿಂಡದೆ, ಹಸಿ ಹಸಿಯಾಗಿಯೇ ಬಿಸಿಲಿಗೆ ಹರಡಿದಳು. ಒಣಗುತ್ತ ಬಂದಂತೆ ಮತ್ತೆ ನೀರು ಚಿಮುಕಿಸಬೇಕು ಎಂದಳು. “ಅರಿಶಿಣ ಅಂಜಾದು ಬಿಸಿಲಿಗೊಂದಕ್ಕ ನೋಡ್ರಿ.”

ಅಷ್ಟರಲ್ಲಿ ಮಾವನವರೂ ಅತ್ತೆಯೂ ಹಿತ್ತಲಿಗೆ ಬಂದರು. ಮಾವನವರು ಗಂಟಲು ಸರಿಮಾಡಿಕೊಂಡು, “ಹನುಮವ್ವ, ನಾಳಿಂದ ನೀನು…” ಎಂದು ಶುರುಮಾಡಿದರು.

ಆ ಕಾಲದಲ್ಲಿ ಸೊಸೆ ಮಾವನೆದುರು ಬಾಯಿ ಬಿಡುವಂತಿರಲಿಲ್ಲ. ನಾನೂ ಅದುವರೆಗೆ ಬಿಟ್ಟವಳಲ್ಲ. ಆದರೂ ಮುಂದೆ ಬಂದು ಕೆಂಪು ಅಂಗೈ ಚಾಚಿದೆ. “ಹಳದಿ ನನ್ನ ಕೈದು. ಆಕಿ ತಪ್ಪೇನೂ ಇಲ್ಲ,” ಎಂದೆ. ಸವಳು, ಅರಿಶಿಣ, ಪೆಟ್ಟಿಗೆ, ಎಲ್ಲ ಒಂದೇ ಉಸಿರಿಗೆ ಒದರಿಬಿಟ್ಟೆ.

ಮಾವನವರು ನನ್ನ ಕೈಯನ್ನೂ ಪಂಚೆಯನ್ನೂ ನೋಡಿದರು. “ಹುಳಿ ಅಲ್ಲ ಅಂತ ಆ ಪುಣ್ಯಾತ್ಮಗ ಹೇಳಬೇಕು,” ಎಂದು ಗೊಣಗಿ ಒಳಗೆ ಹೋದರು. ಕಂಟೋನ್ಮೆಂಟಿನ ಸಾಬೂನಿನ ಹೆಸರು ಮತ್ತೆ ಆ ಮನೆಯಲ್ಲಿ ಏಳಲಿಲ್ಲ.

ಅತ್ತೆ ಮಾತ್ರ ಕದಲದೆ ನಿಂತೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಪಂಚೆ ಒಣಗಿ ಕಣ್ಣು ಕೋರೈಸುವಷ್ಟು ಬೆಳ್ಳಗಾಯಿತು. ಹನುಮವ್ವ ಮಡಚಿಕೊಂಡು ಬಂದಳು. ಅತ್ತೆ, ಮಡಿಯಲ್ಲಿದ್ದ ಅತ್ತೆ, ಎರಡೂ ಕೈ ಚಾಚಿದರು. ಹನುಮವ್ವ ಹಿಂದೆ ಸರಿದಳು.

“ಅವ್ವಾರ, ಮಡಿ…”

“ಇನ್ನೊಮ್ಮೆ ನೀರು ಹಾಕ್ಕೋತೀನಿ. ಬಾವಿ ಏನು ಬತ್ತಿಲ್ಲ. ಕೊಡು,” ಎಂದು ಅವಳ ಕೈಯಿಂದಲೇ ಪಂಚೆ ತೆಗೆದುಕೊಂಡರು. ಆಮೇಲೆ ಸ್ನಾನಕ್ಕೆ ಹೋದರು, ಅದೂ ನಿಜ. ಆದರೆ ನಮ್ಮ ಅತ್ತೆ ಕ್ಷಮೆ ಕೇಳಿದ್ದನ್ನು ನಾನು ನೋಡಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಆಮೇಲಿನ ವರ್ಷಗಳಲ್ಲಿ ಹನುಮವ್ವನಿಂದ ಎಷ್ಟೋ ಕಲಿತೆ. ಗಂಜಿ ಹಾಕಿದ ಬಟ್ಟೆಯನ್ನು ಬಹಳ ದಿನ ಪೆಟ್ಟಿಗೆಯಲ್ಲಿಡಬಾರದು, ಗಂಜಿಯೇ ಹಳದಿಗೆ ತಿರುಗುತ್ತದೆ. ಮರದ ಹಲಗೆಗೆ ಬಿಳಿ ಬಟ್ಟೆ ತಾಗಬಾರದು, ನಡುವೆ ಹಳೆಯ ಸೀರೆಯ ತುಂಡು ಹಾಸಬೇಕು. ಅರೆ ಒಣಗಿದ್ದನ್ನು ಮಡಚಲೇಬಾರದು. ಎಲ್ಲಕ್ಕಿಂತ ಮೊದಲು ಕೈ ತೊಳೆದುಕೊಳ್ಳಬೇಕು. ಬೀದಿಯ ಹೆಂಗಸರು ಗುಟ್ಟೇನೆಂದು ಕೇಳಿದರೆ, “ನಮ್ಮ ಸಿರುಗುಪ್ಪದ ಕಡೆ ಹಿಂಗ” ಎಂದು ಬೀಗುತ್ತಿದ್ದೆ. ಮಾವನೆದುರು ಬಾಯಿ ಬಿಟ್ಟ ಕಥೆಯನ್ನಂತೂ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಇವತ್ತು ಬರೆಯಲು ಕೂತಾಗ ಆ ಹೆಮ್ಮೆ ನನ್ನದಲ್ಲ ಅನ್ನಿಸಿತು. ನಾನು ಮಾತಾಡಿದ್ದು ಒಂದು ಗಳಿಗೆ. ಅವಳು ಸುಮ್ಮನಿದ್ದದ್ದು ಐದು ತಿಂಗಳು, ತನ್ನ ಬೀದಿಯನ್ನೇ ಪಣಕ್ಕಿಟ್ಟು. ಅಂಥವಳ ಶಿಷ್ಯೆ ನಾನು ಎಂದು ಈಗ ಎದೆಯುಬ್ಬಿಸಿ ಹೇಳುತ್ತೇನೆ. ಆದರೆ ಇನ್ನೊಂದನ್ನೂ ಹೇಳಬೇಕು. ಅತ್ತೆ ಒಂದು ಸಲವಾದರೂ ಅವಳ ಕೈಯಿಂದ ತೆಗೆದುಕೊಂಡರು. ನಾನು ಅವಳಿರುವ ತನಕ ಬಟ್ಟೆಯನ್ನು ಅವಳ ಕೈ ತಾಗದ ಹಾಗೆ ಜಗಲಿಯ ಮೇಲೆ ಇಡಿಸಿಕೊಂಡೆ, ಜಗಲಿಯಿಂದ ಎತ್ತಿಕೊಂಡೆ.

ನಾಳೆ ಅವಳ ಮೊಮ್ಮಗಳು ಬಟ್ಟೆ ತರುತ್ತಾಳೆ. ಜಗಲಿಗೆ ಬಗ್ಗುವ ಮೊದಲೇ ನಾನು ಕೈ ಚಾಚಬೇಕು.