ಗೋದಲಿಯ ಕಲ್ಲು

ಬನಹಟ್ಟಿಯಲ್ಲಿ ನಾನು ಬಾಡಿಗೆಗಿದ್ದದ್ದು ಮೇಲಂತಸ್ತಿನ ಮನೆಯಲ್ಲಿ. ಕೆಳಗೆ ಮನೆಯೊಡತಿಯ ವಿದ್ಯುತ್ ಮಗ್ಗಗಳು. ಬೆಳಗಿನಿಂದ ರಾತ್ರಿ ಊಟದ ಹೊತ್ತಿನವರೆಗೆ ಖಟಖಟ ಸದ್ದು, ತಟ್ಟೆಯಲ್ಲಿಟ್ಟ ಚಮಚ ಸಹ ನಡುಗುತ್ತಿತ್ತು. ಅಪರೂಪಕ್ಕೆ ಬಂದವರೆಲ್ಲ "ಈ ಗದ್ದಲದಾಗ ಹೆಂಗ ಇರ್ತೀರಿ?" ಎಂದು ಕೇಳುವವರೇ. ಗದ್ದಲ ಇದ್ದಾಗ ನನಗೇನೂ ಆಗುತ್ತಿರಲಿಲ್ಲ. ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ಮಾತ್ರ, ಈ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ ಎಂಬುದು ಗೊತ್ತಾಗುತ್ತಿತ್ತು.

ನನ್ನ ಕೆಲಸ ಒಂದು ಖಾಸಗಿ ದವಾಖಾನೆಯ ಲ್ಯಾಬಿನಲ್ಲಿ, ರಕ್ತ ಮೂತ್ರಗಳ ಪರೀಕ್ಷೆ. ಊರಿನ ಅರ್ಧ ಜನರ ಸಕ್ಕರೆ ಕಾಯಿಲೆ ಅವರ ಮನೆಯವರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಆದರೂ ಬಜಾರಿನಲ್ಲಿ ಎದುರಾದರೆ ಒಬ್ಬರಿಗೂ ನನ್ನ ಗುರುತು ಸಿಗುತ್ತಿರಲಿಲ್ಲ. ಸೂಜಿ ಚುಚ್ಚುವವಳ ಮುಖವನ್ನು ಯಾರು ನೋಡುತ್ತಾರೆ? ಎಲ್ಲರೂ ಆ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡಿರುತ್ತಾರೆ. ಮದುವೆ ಆಗಲಿಲ್ಲ. ಅದರ ಕಥೆ ಬೇರೆ, ಹೇಳಿಕೊಳ್ಳುವಷ್ಟು ರುಚಿಯಾದದ್ದೂ ಅಲ್ಲ.

ನಮ್ಮ ಊರು ಬೀಳಗಿ ಕಡೆಯದು. ಅಣೆಕಟ್ಟಿನ ಹಿನ್ನೀರು ಏರುತ್ತ ಬಂದಾಗ ಊರಿಗೆ ಊರೇ ಖಾಲಿಯಾಯಿತು. ನಮ್ಮ ಓಣಿಯ ಜನ ಒಂದೇ ಕಡೆ ಹೋಗಲಿಲ್ಲ. ಕೆಲವರು ಒಂದು ಪುನರ್ವಸತಿ ಕೇಂದ್ರಕ್ಕೆ, ಕೆಲವರು ಇನ್ನೊಂದಕ್ಕೆ, ಕೆಲವರು ಮುಧೋಳ ಕಡೆ ಹೊಲ ನೋಡಿಕೊಂಡು ಹೋದರು. ಅಪ್ಪ ಮೊದಲೇ ತೀರಿಕೊಂಡಿದ್ದ. ಅವ್ವ ಹೊಸ ಜಾಗಕ್ಕೆ ಬಂದು ಬಹಳ ದಿನ ಉಳಿಯಲಿಲ್ಲ. ಉಳಿದವನು ಅಣ್ಣ. ಬೀಳಗಿ ರಸ್ತೆಯಲ್ಲಿ ಅವನದೊಂದು ಸಣ್ಣ ಕಿರಾಣಿ ಅಂಗಡಿ. ಹಬ್ಬಕ್ಕೊಮ್ಮೆ ಅವನ ಫೋನು ಬರುತ್ತಿತ್ತು. "ಉಂಡೀ? ಮಳಿ ಆತೇನು? ಆರಾಮ ಅದೀ?" ಇಷ್ಟು ಮುಗಿದರೆ ಇಬ್ಬರಿಗೂ ಮಾತು ಮುಗಿಯುತ್ತಿತ್ತು. ಜಗಳವೇನೂ ಇರಲಿಲ್ಲ. ಜಗಳವಿದ್ದಿದ್ದರೆ ಮಾತಾದರೂ ಹೆಚ್ಚಾಗುತ್ತಿತ್ತೇನೋ.

ಲ್ಯಾಬಿನ ಸಾಮಾನು ತರಲು ಒಮ್ಮೆ ಕೊಲ್ಲಾಪುರಕ್ಕೆ ಹೋಗಿದ್ದಾಗ ಒಂದು ಮೀನಿನ ಅಂಗಡಿಯ ಮುಂದೆ ನಿಂತುಬಿಟ್ಟೆ. ನಮ್ಮ ಕಡೆ ಕಾಣುವ ಗೋಲ್ಡ್ ಫಿಶ್ ಅಲ್ಲ, ಸಮುದ್ರದ ನೀರಿನ ತೊಟ್ಟಿ. ಕಿತ್ತಳೆ ಬಣ್ಣದ ಎರಡು ಮೀನು ಒಂದನ್ನೊಂದು ಬಿಡದೆ ಓಡಾಡುತ್ತಿದ್ದವು. ಕಲ್ಲಿನ ಮೇಲೆ ಅಂಗಿಯ ಗುಂಡಿಯಷ್ಟೇ ಇರುವ ಹವಳದ ಜೀವಗಳು ಬಾಯಿ ಬಿಟ್ಟುಕೊಂಡು ಕುಳಿತಿದ್ದವು. ಎಷ್ಟು ಹೊತ್ತು ನಿಂತೆನೋ, ಅಂಗಡಿಯವನೇ ಸ್ಟೂಲು ತಂದು ಕೊಟ್ಟ. ಮನೆಯಲ್ಲಿ ಜೀವವಿರುವ ಏನಾದರೂ ಬೇಕು, ಅದು ನನ್ನ ಮದುವೆಯ ವಿಷಯ ಕೇಳಬಾರದು ಎಂದು ನನಗೆ ಅನ್ನಿಸಿದ್ದು ಅಲ್ಲಿಯೇ.

ತೊಟ್ಟಿ, ಪಂಪು, ದೀಪ, ಚೀಲಗಟ್ಟಲೆ ಸಮುದ್ರದ ಉಪ್ಪು ಎಲ್ಲ ಮೆಟ್ಟಿಲು ಹತ್ತಿ ಬಂದಾಗ ಕೆಳಗಿನ ಮನೆಯೊಡತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು.

"ಇರಲಾರದ ಇರಿವಿ ಬಿಟ್ಕೊಂಡ್ರಂತ, ಹಂಗಾತ್ರಿ ಅಕ್ಕಾರ ನಿಮ್ದು," ಎಂದಳು.

ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಆದರೆ ಆಗ ನನಗೆ ಸಿಟ್ಟು ಬಂದಿತ್ತು.

ಅಂಗಡಿಯವನು ಸಮುದ್ರದ ಕಲ್ಲನ್ನೂ ಮಾರುತ್ತಿದ್ದ. ಬಹಳ ತುಟ್ಟಿ. "ಸುಣ್ಣದ ಕಲ್ಲು ಸಿಕ್ಕರ ಅದೂ ನಡೀತೈತ್ರಿ ಅಕ್ಕಾ, ತೂತಾ ತೂತಾ ಇರಬೇಕು," ಎಂದಿದ್ದ. ಸುಣ್ಣದ ಕಲ್ಲು ಎಂದರೆ ನಮ್ಮ ಸೀಮೆಯಲ್ಲಿ ಎಡವಿದರೆ ಸಿಗುತ್ತದೆ. ಆದರೂ ನಾನು ಎಡವಿದ ಕಲ್ಲನ್ನು ತರಲಿಲ್ಲ. ಬಸ್ಸು ಹತ್ತಿ ಅಣ್ಣನ ಮನೆಗೆ ಹೋದೆ. ಊರು ಬಿಡುವಾಗ ಎಲ್ಲರೂ ತಮ್ಮ ಮನೆಯನ್ನು ತಾವೇ ಬಿಚ್ಚಿ, ಬಾಗಿಲು ತೊಲೆ ಕಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದರು. ಬಾಗಿಲು ತೊಲೆ ಹೊಸ ಮನೆಗೆ ಬಳಕೆಯಾದವು. ಕಲ್ಲುಗಳು ಹಿತ್ತಲಿನ ತಗಡಿನ ಕೆಳಗೆ ರಾಶಿಯಾಗಿ ಬಿದ್ದಿದ್ದವು. ಅಣ್ಣನ ಎಮ್ಮೆ ಅದರಲ್ಲೊಂದು ಕಲ್ಲನ್ನು ನೆಕ್ಕುತ್ತ ನಿಂತಿತ್ತು.

ಆ ಕಲ್ಲು ನಮ್ಮ ಗೋದಲಿಯದು. ಹಳೆಯ ಮನೆಯಲ್ಲಿ ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅವಕ್ಕೆ ಮೇವು ಹಾಕುವ ಗೋದಲಿ. ಅದನ್ನು ದಾಟಿಯೇ ನಾವು ಒಳಗೆ ಹೋಗಬೇಕು. ಶಾಲೆಯಿಂದ ಬಂದವಳು ಚೀಲವನ್ನು ಆ ಕಲ್ಲಿನ ಮೇಲೆ ಒಗೆದು, ಆಕಳ ಕೊರಳಿನ ಗಂಗೆದೊಗಲು ಕೆರೆದು ಒಳಗೆ ಓಡುತ್ತಿದ್ದೆ. ಆಕಳುಗಳು ಮೇವು ತಿಂದು ತಿಂದು ಅಂಚು ನುಣ್ಣಗಾಗಿದ್ದ, ತಳವೆಲ್ಲ ತೂತು ಬಿದ್ದಿದ್ದ ಕಲ್ಲು.

"ಇದನ್ನ ಒಯ್ದು ಏನ್ ಮಾಡ್ತಿ ಬೇ?" ಎಂದ ಅಣ್ಣ.

"ನೀರಾಗ ಇಡ್ತೀನಿ."

"ನೀರಾಗ ಮುಳಗಬಾರದಂತ ಹೊತ್ತು ತಂದಿದ್ದು ಇದನ್ನ," ಎಂದ. ಆಮೇಲೆ ಸುತ್ತಿಗೆ ತಂದು, ನಾನು ಹೊರುವಷ್ಟು ಹೋಳು ಮಾಡಿಕೊಟ್ಟ.

ಬಸ್ಸಿನಲ್ಲಿ ಕಂಡಕ್ಟರ್ ಚೀಲದಲ್ಲೇನಿದೆ ಎಂದು ಕೇಳಿದ. "ಕಲ್ಲು" ಎಂದೆ. ಬೈದೆನೆಂದು ತಿಳಿದು ಜಮಖಂಡಿಯವರೆಗೆ ನನ್ನ ಕಡೆ ತಿರುಗಿ ನೋಡಲಿಲ್ಲ.

ಹೋಳುಗಳನ್ನು ತಿಕ್ಕಿ ತೊಳೆದು ಬಿಸಿಲಿಗಿಟ್ಟೆ. ಓಣಿಯ ತುದಿಯ ಶುದ್ಧ ನೀರಿನ ಘಟಕದಿಂದ ಕ್ಯಾನುಗಳಲ್ಲಿ ನೀರು ಹೊತ್ತು ತಂದೆ, ಉಪ್ಪು ಕಲಸಿದೆ, ಕಲ್ಲು ಜೋಡಿಸಿದೆ. ಮೊದಲು ಗಾಜಿನ ಮೇಲೆಲ್ಲ ಚಹದ ಕಲೆಯಂಥ ಕಂದು ಪಾಚಿ ಹತ್ತಿತು. ಹೊಸ ತೊಟ್ಟಿಗೆ ಇದೆಲ್ಲ ಇದ್ದದ್ದೇ ಎಂದ ಅಂಗಡಿಯವನು. ನಿಜ, ಅದು ತಾನಾಗಿಯೇ ಹೋಯಿತು. ಆಮೇಲೆ ಎರಡು ಮೀನು ತಂದೆ, ಹವಳದ ಒಂದು ಗುಂಪನ್ನೂ ತಂದು ಗೋದಲಿಯ ಕಲ್ಲಿನ ಮೇಲೆ ಕೂರಿಸಿದೆ. ಮರುದಿನ ದವಾಖಾನೆಯಿಂದ ಬಂದು ದೀಪ ಹಾಕಿದರೆ ಗುಂಡಿಗಳು ಒಂದೊಂದಾಗಿ ಅರಳಿದವು. ನನಗೆ ಎಷ್ಟು ಸಂತೋಷವಾಯಿತೆಂದರೆ ಯಾರಿಗಾದರೂ ಹೇಳಬೇಕೆನಿಸಿತು. ಫೋನು ಹಿಡಿದುಕೊಂಡು ಹೆಸರುಗಳ ಮೇಲೆ ಬೆರಳಾಡಿಸಿದೆ. ಕೊನೆಗೆ ಯಾರಿಗೂ ಮಾಡದೆ ಕೆಳಗಿಟ್ಟೆ.

ಅಂದಿನಿಂದ ನನ್ನ ಸಂಜೆಗಳಿಗೆ ಒಂದು ಕೆಲಸ ಸಿಕ್ಕಿತು. ತೊಟ್ಟಿಯ ಮುಂದೆ ಕುಳಿತು ಊಟ ಮಾಡುವುದು, ಡಾಕ್ಟರನ್ನು ಬೈಯುವುದು, ರೊಟ್ಟಿ ಸುಡುವಾಗ ಬೆರಳು ಸುಟ್ಟ ಸುದ್ದಿ ಹೇಳುವುದು. ಮೀನುಗಳು ಗಾಜಿನ ಹತ್ತಿರ ಬಂದು ಕೇಳುತ್ತಿದ್ದವು. ಅವು ಬರುವುದು ಹಸಿವಿಗೆಂದು ಗೊತ್ತಿತ್ತು. ಇರಲಿ, ನನ್ನ ಬಳಿ ಬರುವ ಮನುಷ್ಯರೂ ಏನಾದರೂ ಬೇಕಾದಾಗಲೇ ಬರುತ್ತಿದ್ದರು.

ಮಳೆಗಾಲದ ಹೊತ್ತಿಗೆ ಹಸಿರು ಪಾಚಿ ಶುರುವಾಯಿತು. ಮೊದಲು ಕಲ್ಲಿನ ಅಂಚಿಗೆ, ಆಮೇಲೆ ಕಲ್ಲಿಗೆಲ್ಲ ಕೂದಲು ಬೆಳೆದಂತೆ. ಕಿತ್ತು ತೆಗೆದರೆ ವಾರ ತುಂಬುವುದರೊಳಗೆ ಮತ್ತೆ ಅಷ್ಟೇ. ನೀರಿನಲ್ಲಿ ನೈಟ್ರೇಟ್ ಹೆಚ್ಚಾದರೆ ಹೀಗಾಗುತ್ತದೆ ಎಂದು ಅಂಗಡಿಯವನು ಒಂದು ಪರೀಕ್ಷೆಯ ಕಿಟ್ ಕಳಿಸಿದ. ನೀರಿಗೆ ಹನಿ ಹಾಕಿ ಅಲುಗಿಸಬೇಕು. ಬಣ್ಣ ಬರದಿದ್ದರೆ ಒಳ್ಳೆಯದು, ಗುಲಾಬಿಯಾದರೆ ಎಚ್ಚರ, ಕೆಂಪಾದರೆ ಕೇಡು. ನನ್ನದು ಕುಂಕುಮದಷ್ಟು ಕೆಂಪು. ನನ್ನ ಕೈಯಲ್ಲಿ ದಿನವೂ ಎಷ್ಟೋ ಜನರ ಕೇಡು ನಳಿಗೆಯೊಳಗೆ ಬಣ್ಣವಾಗಿ ಏಳುತ್ತಿತ್ತು, ಆಗೆಲ್ಲ ನಾನು ಹೀಗೆ ಹೆದರಿರಲಿಲ್ಲ.

ಮೀನಿಗೆ ತಿನಿಸು ಕಡಿಮೆ ಮಾಡಿದೆ. ದೀಪ ಬೇಗ ಆರಿಸಿದೆ. ಪಾಚಿ ತಿನ್ನುವ ಬಸವನಹುಳು ತಂದು ಬಿಟ್ಟೆ. ವಾರ ವಾರ ನೀರು ಬದಲಿಸಿದೆ. ಮೆಟ್ಟಿಲು ಹತ್ತಿ ಇಳಿದು ನನ್ನ ಸೊಂಟ ಹೋಯಿತೇ ಹೊರತು ಪಾಚಿ ಹೋಗಲಿಲ್ಲ. ಫೋನು ಮಾಡಿದಾಗಲೆಲ್ಲ ಅಂಗಡಿಯವನದು ಹಾಡಿದ್ದೇ ಹಾಡು: "ತಿನಿಸು ಹೆಚ್ಚ ಹಾಕಾಕತ್ತೀರಿ ಅಕ್ಕಾ." ಇನ್ನೂ ಕಡಿಮೆ ಮಾಡಿದರೆ ಮೀನು ನನ್ನನ್ನೇ ತಿನ್ನುತ್ತವೆ ಎಂದು ಹೇಳಿ ಫೋನಿಟ್ಟೆ. ಅಷ್ಟರಲ್ಲಿ ಹವಳದ ಗುಂಡಿಗಳು ಮುಚ್ಚಿಕೊಳ್ಳತೊಡಗಿದ್ದವು. ಅಂಚಿನ ಕೆಲವು ಕರಗಿ ಲೋಳೆಯಾಗಿ ಹೋದವು.

ಒಂದು ರಜೆಯ ದಿನ ಸಿಟ್ಟಿನಿಂದ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಲು ಕುಳಿತೆ. ಘಟಕದ ನೀರಿಗೆ ಬಣ್ಣ ಬರಲಿಲ್ಲ. ಉಪ್ಪು ಕಲಸಿದ ನೀರಿಗೂ ಇಲ್ಲ. ಉಳಿದದ್ದು ಕಲ್ಲು. ಒಂದು ಚೂರು ಒಡೆದು ಶುದ್ಧ ನೀರಿನ ಲೋಟದಲ್ಲಿ ಹಾಕಿಟ್ಟೆ. ಎರಡು ದಿನ ಬಿಟ್ಟು ಆ ನೀರಿಗೆ ಹನಿ ಹಾಕಿದೆ. ನಳಿಗೆ ಕೆಂಪಗಾಯಿತು.

ಆಗ ತಿಳಿಯಿತು. ಅಜ್ಜನ ಕಾಲದಿಂದಲೂ ಆ ಕಲ್ಲು ದನಗಳ ಕಾಲ ಬಳಿ, ಸಗಣಿ ಗಂಜಲದಲ್ಲಿ ನೆನೆದದ್ದು. ಗೋದಲಿಯ ಬುಡದ ಗೋಡೆಗೆ ಚಳಿಗಾಲದಲ್ಲಿ ಬಿಳಿ ಪುಡಿ ಏಳುತ್ತಿತ್ತು, ಅವ್ವ ಅದನ್ನು ಪೊರಕೆಯಿಂದ ಉದುರಿಸುತ್ತಿದ್ದಳು. ಪೆಟ್ಲುಪ್ಪು ಎನ್ನುವುದು ಅದನ್ನೇ, ನೈಟ್ರೇಟ್ ಎಂದರೂ ಅದೇ. ನಾನು ಎಷ್ಟು ತಿಕ್ಕಿ ತೊಳೆದರೂ ಅದು ಕಲ್ಲಿನ ಹೊಟ್ಟೆಯೊಳಗೆ ಇತ್ತು. ಊರು ಮುಳುಗಿ, ಅವ್ವ ಹೋಗಿ, ದನ ಮಾರಿ ಅಷ್ಟು ವರ್ಷವಾದ ಮೇಲೆ, ನಮ್ಮ ದನಗಳು ಬನಹಟ್ಟಿಯ ಮೇಲಂತಸ್ತಿನಲ್ಲಿ ನನ್ನ ಪಾಚಿಗೆ ಗೊಬ್ಬರ ಹಾಕುತ್ತಿದ್ದವು. ಮೊದಲು ನಗು ಬಂತು. ಆಮೇಲೆ ನಳಿಗೆ ಹಿಡಿದುಕೊಂಡೇ ಅತ್ತೆ. ಅವ್ವ ಸತ್ತಾಗ ಬಂದವರಿಗೆ ಚಹ ಮಾಡುವುದರಲ್ಲಿ ನನಗೆ ಅಷ್ಟು ಅಳಲು ಬಿಡುವಾಗಿರಲಿಲ್ಲ.

ಕಲ್ಲು ತೆಗೆದರೆ ಹವಳ ಉಳಿಯುತ್ತದೆ, ಇಟ್ಟರೆ ಸಾಯುತ್ತದೆ. ಲೆಕ್ಕ ಇಷ್ಟು ಸರಳವಿದ್ದರೂ ಕೆಲವು ದಿನ ತೊಟ್ಟಿಗೆ ಕೈ ಹಾಕಲಾಗಲಿಲ್ಲ. ನನ್ನ ಮನೆಯಲ್ಲಿ ಬದುಕಿರುವುದು ಅದೊಂದು, ನನ್ನ ಮನೆಯಾಗಿದ್ದುದು ಇದೊಂದು. ಎರಡೂ ಒಂದೇ ನೀರಿನಲ್ಲಿ ಇರಲಾರವು. ಆ ವಾರವಷ್ಟು ಒಂಟಿತನ ನನಗೆ ಹಿಂದೆಂದೂ ಆಗಿರಲಿಲ್ಲ. ಕೊನೆಗೆ ಮತ್ತೊಂದು ಗುಂಡಿ ಕರಗಿದ್ದನ್ನು ನೋಡಿ ಕಲ್ಲಿನ ಹೋಳುಗಳನ್ನು ಎತ್ತಿ ಬಕೆಟ್ಟಿಗೆ ಹಾಕಿದೆ. ತುಟ್ಟಿಯಾದರೂ ಅಂಗಡಿಯ ಕಲ್ಲನ್ನೇ ತರಿಸಿ ಹವಳವನ್ನು ಅದರ ಮೇಲೆ ಕೂರಿಸಿದೆ.

ಹಬ್ಬವಿಲ್ಲದ ದಿನ ನಾನಾಗಿಯೇ ಅಣ್ಣನಿಗೆ ಫೋನು ಮಾಡಿದ್ದು ಅದೇ ಮೊದಲು. ಏನಾಯಿತು ಎಂದು ಗಾಬರಿಯಾದ. ಕಲ್ಲಿನ ಸಂಗತಿ ಹೇಳಿದೆ.

"ನಮ್ಮ ದನದ್ದು? ಇಷ್ಟ ವರ್ಸದ ಮ್ಯಾಲೂ?"

"ಹೂಂ."

"ಅದಕ್ಕ ಈ ಎಮ್ಮಿ ನೆಕ್ಕತೈತಿ ಹಂಗಾರ," ಎಂದ. ಆಮೇಲೆ ತಾನಾಗಿಯೇ ಮಾತು ಶುರು ಮಾಡಿದ. ಊರು ಬಿಡುವಾಗ ಮಾರಿದ ಕೆಂದಾಕಳು ಕೊಂಡವನ ಮನೆಯಿಂದ ಎರಡು ಸಲ ಹಗ್ಗ ಹರಿದುಕೊಂಡು ಖಾಲಿ ಊರಿಗೆ ಓಡಿ ಬಂದಿತ್ತಂತೆ. ನನಗದು ಗೊತ್ತೇ ಇರಲಿಲ್ಲ. "ಅವ್ವ ಯಾರಿಗೂ ಹೇಳಬ್ಯಾಡ ಅಂದಿದ್ಲು," ಎಂದ.

ಕಲ್ಲಿನ ನೈಟ್ರೇಟ್ ಪೂರ್ತಿ ಬಿಟ್ಟುಹೋದರೆ ತೊಟ್ಟಿಗೆ ಮತ್ತೆ ಹಾಕಬಹುದು ಎಂದು ಅಂಗಡಿಯವನು ಹೇಳಿದ. ಹಾಗಾಗಿ ಬಕೆಟ್ಟಿಗೆ ನೀರು ತುಂಬಿ ಕಲ್ಲು ನೆನೆಹಾಕಿ, ಪ್ರತಿ ರವಿವಾರ ಆ ನೀರು ಪರೀಕ್ಷಿಸಿ, ಚೆಲ್ಲಿ, ಹೊಸ ನೀರು ತುಂಬತೊಡಗಿದೆ. ಮುಂದಿನ ರವಿವಾರ ಅಣ್ಣನೇ ಫೋನು ಮಾಡಿದ. "ಇವತ್ತ ಬಣ್ಣ ಹೆಂಗ ಬಂತು?" ಕೆಂಪು, ಎಂದೆ. ಅದರ ಮುಂದಿನ ವಾರವೂ ಮಾಡಿದ. ಬಣ್ಣ ಕೇಳಿ, ಆಮೇಲೆ ಹಳೆಯ ಓಣಿಯ ಒಂದಲ್ಲ ಒಂದು ಮಾತು ತೆಗೆಯುತ್ತಿದ್ದ. ನಾನು ರವಿವಾರ ಬೇಗ ಅಡುಗೆ ಮುಗಿಸಿ, ಫೋನು ಪಕ್ಕದಲ್ಲಿಟ್ಟುಕೊಂಡು ಕೂರತೊಡಗಿದೆ. ಹವಳ ಮತ್ತೆ ಅರಳಿತು, ಗಾಜು ತಿಳಿಯಾಯಿತು. ಬಕೆಟ್ಟಿನ ನೀರಿನ ಬಣ್ಣ ವಾರ ವಾರ ಇಳಿಯುತ್ತ ಬಂತು. ಅದು ಇಳಿದಷ್ಟೂ ನನಗೆ ಹೆದರಿಕೆ. ಪೂರ್ತಿ ಹೋದ ಮೇಲೆ ಅವನು ಯಾವ ಬಣ್ಣ ಕೇಳಲು ಫೋನು ಮಾಡುತ್ತಾನೆ?

ಚಳಿ ಬೀಳುವ ಹೊತ್ತಿನ ಒಂದು ರವಿವಾರ ನಳಿಗೆಯನ್ನು ಬಿಳಿ ಕಾಗದದ ಮುಂದೆ ಹಿಡಿದರೆ ಮಾತ್ರ ಗುಲಾಬಿ ಕಾಣುವಷ್ಟಿತ್ತು. ಅದೇ ಹೊತ್ತಿಗೆ ಫೋನು ಬಂತು.

"ಏನಾತು? ಹೋತೇನು?"

"ಹೋಗಾಕ ಬಂದೈತಿ. ಇನ್ನೊಂದ ಸಲ ನೀರ ಬದಲಿ ಮಾಡಿದ್ರ ಪೂರಾ ಹೋಗತೈತಿ."

ಅವನು ಅಂಗಡಿಗೆ ಬಂದ ಗಿರಾಕಿಗೆ ಆಮೇಲೆ ಬಾ ಎಂದ. ಕೆಳಗೆ ಮಗ್ಗಗಳು ನಡೆದೇ ಇದ್ದವು, ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಸ್ವಲ್ಪರ ಉಳದೈತಿ ಹೌದಿಲ್ಲೋ?" ಎಂದ.

"ಉಳದೈತಿ ಅಣ್ಣಾ."

"ಹಂಗಾರ ಇರಲಿ ಬಿಡು ತಂಗಿ. ಇನ್ನ ತೊಳೀಬ್ಯಾಡ."

ನಾನು ಕಲ್ಲುಗಳನ್ನು ನೀರಿನಿಂದ ತೆಗೆದು ಬಿಸಿಲಿಗೆ ಇಟ್ಟೆ.