ಓರೆ ಹಲಗೆಯ ದೇವಿ

ಪುಟ್ಟಿ, ಚಿನ್ನಿ,

ನಿಮ್ಮ ದೊಡ್ಡ ಹೆಸರುಗಳು ಶಾಲೆಯವರಿಗಿರಲಿ, ನಾನು ಕರೆಯುವ ಹೆಸರಿನಲ್ಲೇ ಬರೆಯುತ್ತೇನೆ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳ ಬರಹ ಇದು. ಎದುರು ಕೂತು ಹೇಳಲು ನನಗೆ ನಾಚಿಕೆ. ಹೇಳಿದರೂ ನಡುವೆ ನಗುತ್ತೀರಿ. ಇಲ್ಲಿ ನಕ್ಕರೆ ನನಗೆ ಕೇಳಿಸುವುದಿಲ್ಲ.

ಕಡಲು ದಾಟಿ ಬಂದು ನೆಲೆಸಿದ ಈ ಕ್ವೀನ್ಸ್‌ಬರಿಯ ನಮ್ಮ ಅಡುಗೆಮನೆಯಲ್ಲಿ ದೇವಿಗೊಂದು ಹಲಗೆ ಇದೆಯಲ್ಲ, ಅದನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದವರು ನಿಮ್ಮ ಅಜ್ಜ. ಈಸ್ಟ್ ಹ್ಯಾಮಿನ ಹೋಟೆಲಿನಲ್ಲಿ ಅವರು ಹೊಯ್ದ ದೋಸೆ ಚಂದ್ರನಷ್ಟು ದುಂಡಗಿರುತ್ತಿತ್ತು. ಮೊಳೆಯ ವಿಷಯ ಬೇರೆ. "ನೇರ ಇತ್ತಾ ಕಾಣ್" ಎಂದು ಕೇಳಿದ್ದರು. ಇದೆ ಎಂದಿದ್ದೆ. ಗಂಡ ಸ್ಟೂಲಿನ ಮೇಲೆ ನಿಂತು ಬೆವರುತ್ತಿರುವಾಗ ಬೇರೇನು ಹೇಳುವುದು?

ಆ ದೇವಿಯ ಹತ್ತಿರ ನಾನು ಹೂ ಕೇಳುತ್ತೇನೆ. ಯಾವುದಾದರೂ ತೀರ್ಮಾನ ಮಾಡಲಾಗದಿದ್ದರೆ ದೇವಿಯ ಎರಡು ಹೆಗಲಿಗೂ ಒದ್ದೆ ಮಾಡಿದ ಸೇವಂತಿಗೆಯ ಎಸಳು ಅಂಟಿಸಿ, ಕೈಮುಗಿದು ಕಾಯುವುದು. ಅವಳ ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಡ್ರೈವಿಂಗ್ ಕಲಿಯಲೇ ಎಂದು ಕೇಳಿದ್ದೆ. ಎಡ. ಲೈಬ್ರರಿಯ ಇಂಗ್ಲಿಷ್ ಕ್ಲಾಸಿಗೆ ಹೋಗಲೇ? ಎಡ. ಅಜ್ಜ ತೀರಿಕೊಂಡ ಮೇಲೆ ಊರಿಗೆ ಮರಳಲೇ ಎಂದು ಕೇಳಿದೆ, ಆಗ ಚಿನ್ನಿ ಇನ್ನೂ ಹಾಲು ಕುಡಿಯುವ ಕೂಸು. ಅದಕ್ಕೂ ಎಡ. ಆ ಉತ್ತರ ಎಷ್ಟು ಹಿಡಿಸಿತೆಂದರೆ ಮರುದಿನವೇ ಪಾಯಸ ಮಾಡಿ ನೈವೇದ್ಯ ಇಟ್ಟೆ.

ಆಮೇಲೆ ನನ್ನ ಮೊಣಕಾಲುಗಳು ಕೈಕೊಟ್ಟವು. ಮೇಲಿನ ನಿಮ್ಮ ಕೋಣೆಗೆ ಹತ್ತಲಾಗದೆ ನನ್ನ ಮಂಚ ಕೆಳಗಿಳಿಯಿತು. ಬೆಳಿಗ್ಗೆ ಜಡೆ ಹಾಕಿಸಿಕೊಳ್ಳಲು ನೀವೇ ಇಳಿದು ಬರುತ್ತಿದ್ದಿರಿ. ಸೆಕೆಂಡರಿ ಸ್ಕೂಲು ಸೇರಿದ ಮೇಲೆ, ಪುಟ್ಟಿ, ನೀನು ಕನ್ನಡಿಯ ಮುಂದೆ ನೀನೇ ಏನೋ ಒಂದು ಕಟ್ಟಿಕೊಂಡು ಓಡುತ್ತಿದ್ದೆ. ನಾನು ಬಾಚಣಿಗೆ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿರುತ್ತಿದ್ದೆ. "ಬೈ ಅಜ್ಜಿ" ಎಂಬುದು ಬಾಗಿಲಿನಿಂದ ಕೇಳುತ್ತಿತ್ತು. ನಾನೇ ಹತ್ತಿ ಬಂದರೆ ಮಾತ್ರ ಆ ತಲೆ ನನ್ನ ಕೈಗೆ ಸಿಗುತ್ತಿತ್ತು.

ಆಸ್ಪತ್ರೆಯಿಂದ ಕಾಗದ ಬಂತು. ಮೊಣಕಾಲಿನ ಆಪರೇಷನ್ನಿಗೆ ಒಪ್ಪಿಗೆಯೋ ಇಲ್ಲವೋ ಎರಡು ವಾರದೊಳಗೆ ತಿಳಿಸಬೇಕು. ನಿಮ್ಮ ಅಪ್ಪ ಮಾಡಿಸು ಎಂದ. ಹಣೆಯಲ್ಲಿ ಬರೆದದ್ದನ್ನು ಮೊಣಕಾಲು ಕೊಯ್ದು ಅಳಿಸಲಾಗುತ್ತದೆಯೇ ಎಂದೆ. ನಿಜವಾಗಿ ನನಗೆ ಹೆದರಿಕೆ. ಶುಕ್ರವಾರ ಹೂ ಕೇಳಿದೆ. ಎಡ. ಸಮಾಧಾನದಿಂದ ಎರಡು ಲೋಟ ಚಹಾ ಕುಡಿದೆ.

ಆ ಸಂಜೆಯೇ, ಪುಟ್ಟಿ, ನೀನು ಶಾಲೆಯಿಂದ ಮಂಗ ಮನುಷ್ಯನಾದ ಪಾಠ ಹೊತ್ತು ಬಂದೆ. ನಮ್ಮ ಪೂರ್ವಿಕರು ನಾಲ್ಕು ಕಾಲಿನಲ್ಲಿ ಓಡಾಡುತ್ತಿದ್ದರಂತೆ, ಆಮೇಲೆ ಎದ್ದು ನಿಂತರಂತೆ, ಆ ಭಾರವೆಲ್ಲ ಲಕ್ಷಾಂತರ ವರ್ಷ ದಾಟಿ ನನ್ನ ಗಂಟಿಗೆ ಬಂದು ಕೂತಿದೆಯಂತೆ. ಮಂಗಗಳಿದ್ದದ್ದು ನಿನ್ನ ಅಜ್ಜನ ಕಡೆಯಲ್ಲಿ ಎಂದೆ. ನೀನು ನಗಲಿಲ್ಲ.

"ಅಜ್ಜಿ, ಸೀರಿಯಸ್ಲಿ. ಮೊಣಕಾಲು ಬ್ಯಾಡ್ಲಿ ಡಿಸೈನ್ಡ್."

"ಹೌದಾ? ಡಿಸೈನ್ ಮಾಡಿದ್ದ್ ಯಾರ್, ಹೇಳ್ ಕಾಂಬ."

ಒಮ್ಮೆಯಾದರೂ ಗೆದ್ದೆನಲ್ಲ ಎಂದುಕೊಳ್ಳುವಷ್ಟರಲ್ಲಿ ಚಿನ್ನಿ ಒಂದು ಗೋಲಿ ತಂದು ದೇವಿಯ ಹಲಗೆಯ ಮೇಲಿಟ್ಟಳು. ಅದು ದೇವಿಯ ಎಡಕ್ಕೆ ಉರುಳಿ ಕೆಳಗಿನ ಅಕ್ಕಿ ಡಬ್ಬದ ಮೇಲೆ ಬಿತ್ತು. ಮತ್ತೆ ಇಟ್ಟಳು. ಮತ್ತೆ ಎಡ.

"ದೇವರಲ್ಲ ಅಜ್ಜಿ," ಎಂದಳು. "ಅಜ್ಜನ ಶೆಲ್ಫ್."

ಹಾಗಾದರೆ ಇಷ್ಟು ವರ್ಷ ನನಗೆ ಕಾರು ಬೇಡ, ಇಂಗ್ಲಿಷ್ ಬೇಡ, ಊರು ಬೇಡ ಎಂದದ್ದು ನಿಮ್ಮ ಅಜ್ಜನ ಮೊಳೆ. ಎರಡು ದಿನ ಅವರ ಫೋಟೋಕ್ಕೆ ಊದುಬತ್ತಿ ಹಚ್ಚಲಿಲ್ಲ. ಮೂರನೆಯ ದಿನ ಇನ್ನೊಂದು ಹೊಳೆಯಿತು. ಊರಿಗೆ ಹೋಗು ಎಂದು ಹೂ ಬಿದ್ದಿದ್ದರೆ, ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಬಹುದೆಂಬ ನಿಯಮ ನನಗೆ ತಕ್ಷಣ ನೆನಪಾಗುತ್ತಿತ್ತು. ಬೇಡ ಎಂದಾಗ ಒಮ್ಮೆಯೂ ನೆನಪಾಗಿರಲಿಲ್ಲ.

ಈಗ ನೆನಪು ಮಾಡಿಕೊಂಡೆ. ಮುಂದಿನ ಶುಕ್ರವಾರ ಹಲಗೆ ಒರೆಸುವಾಗ ದೇವಿಯ ಪೀಠದ ಎಡ ಅಂಚಿನ ಕೆಳಗೆ ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟು ಕಾಣಿಸಿತು, ನಾಲ್ಕಾಗಿ ಮಡಚಿದ್ದು. ದೇವಿ ಬಲಕ್ಕೆ ವಾಲಿ ನಿಂತಿದ್ದಳು. ಮೇಜಿನ ಬಳಿ ನೀವಿಬ್ಬರೂ ಬಹಳ ಭಕ್ತಿಯಿಂದ ಟೋಸ್ಟ್ ತಿನ್ನುತ್ತಿದ್ದಿರಿ. ರಟ್ಟು ಎಳೆಯಲು ಎರಡು ಬೆರಳು ಸಾಕಿತ್ತು. ನಾನು ಅದರ ಸುತ್ತ ಒರೆಸಿದೆ, ಎಸಳು ಅಂಟಿಸಿದೆ, ಕಾದೆ. ಬಲಗಡೆಯದು ಬಿತ್ತು.

"ದೇವಿ ಆಯ್ಲಿ ಅಂದ್ಳ್" ಎಂದೆ. ಚಿನ್ನಿ ಬಾಯಿ ಮುಚ್ಚಿಕೊಂಡಳು. ಪುಟ್ಟಿ ಅವಳ ಕಾಲು ತುಳಿದಳು.

ಆಪರೇಷನ್ ಆದ ಮೇಲಿನ ವಾರಗಳಲ್ಲಿ ಕಾಲು ಮಡಚಲು ದೇವಿ ಬರಲಿಲ್ಲ, ಮಂಗನೂ ಬರಲಿಲ್ಲ. ನಾನೇ ಮಡಚಬೇಕಾಯಿತು. ವ್ಯಾಯಾಮ ಮಾಡಿಸುವ ಹುಡುಗಿಗೆ ಕುಂದಾಪುರದ ಕನ್ನಡದಲ್ಲಿ ಹೊಟ್ಟೆ ತುಂಬ ಬೈದೆ. ಅವಳು ಪ್ರತಿ ಬೈಗುಳಕ್ಕೂ "ಲವ್ಲಿ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಬಿ ಹಿಡಿದು, ಏಡಿಯಂತೆ ಅಡ್ಡಡ್ಡ ಹತ್ತಿದೆ. ಪುಟ್ಟಿ, ನೀನು ಕನ್ನಡಿಯಲ್ಲಿ ನನ್ನನ್ನು ಕಂಡೆ. ಮಂಚದ ಅಂಚಿಗೆ ಕೂತು ಬೆನ್ನು ತಿರುಗಿಸಿದೆ. ನಿನ್ನ ಕೂದಲು ಎಷ್ಟು ಸಿಕ್ಕಾಗಿತ್ತೆಂದರೆ ಅರ್ಧ ಗಂಟೆ ಬೇಕಾಯಿತು. ನೀನು ಬಸ್ಸು ತಪ್ಪಿಸಿಕೊಂಡೆ, ಬೈಗುಳ ನನಗೆ ಬಿತ್ತು.

ಹಲಗೆ ಸರಿ ಮಾಡುತ್ತೇನೆಂದು ನಿಮ್ಮ ಅಪ್ಪ ಬಂದಿದ್ದ, ನಾನು ಬಿಡಲಿಲ್ಲ. ರಟ್ಟು ಇಟ್ಟವರು ಯಾರೆಂದು ಇಂದಿಗೂ ಕೇಳಿಲ್ಲ. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಬೇಕಾದರೆ ನಾಲ್ಕಾಗಿ ಮಡಚಿಡಿ, ಯಾವ ದೇವರ ಅಡಿಗೂ ಮಾತ್ರ ಸಿಕ್ಕಿಸಬೇಡಿ.